ಪಾತುಮ್ಮನ ಸಾಕ್ಷಿ

ನನ್ನ ತಮ್ಮ ವಾಲ್ಟರ್ ಪ್ರಾಮಾಣಿಕ ಮನುಷ್ಯ. ಹೊಗಳುವುದಕ್ಕೆ ಹೇಳುತ್ತಿಲ್ಲ. ಮನೆಯಲ್ಲಿ ಅಂಥವನೊಬ್ಬ ಇದ್ದರೆ ಉಳಿದವರ ಪಾಡು ಏನಾಗುತ್ತದೆ ಎಂದು ನನ್ನನ್ನು ಕೇಳಬೇಕು. ಐವತ್ತೇಳರ ಚುನಾವಣೆಯಲ್ಲಿ ಗೆದ್ದು ಅವನು ಶಾಸಕನಾದ ಮೇಲೆ ನಮ್ಮ ಜಗಲಿಗೆ ಬಂದ ಬಾಳೆಗೊನೆಗಳೆಲ್ಲ ಬಂದ ದಾರಿಯಲ್ಲೇ ವಾಪಸು ಹೋದವು. ಹೋಗಲಿ, ಬಾಳೆಗೊನೆ ದೊಡ್ಡ ಮಾತಲ್ಲ. ಮೇರಿಮಾತೆಯ ಮೊಂತಿ ಹಬ್ಬಕ್ಕೆ ನನ್ನ ಶಾಲೆಯ ಹುಡುಗಿಯರು ತಂದುಕೊಟ್ಟ ಹೂವಿನ ಬುಟ್ಟಿಯನ್ನೂ, ಇವರಲ್ಲಿ ಯಾರ ಅಪ್ಪನಿಗೆ ನನ್ನಿಂದ ಎಂಥ ಕೆಲಸ ಆಗಬೇಕಾಗಿದೆಯೋ ಎಂದು ಹಿಂದಕ್ಕೆ ಕಳಿಸಿದನಲ್ಲ, ಆವತ್ತು ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಮಗ್ದಲೀನ್. ಕಂಕನಾಡಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಮ್ಮದು ಕೊಂಕಣಿ, ಬೇಲಿಯಾಚೆ ಬ್ಯಾರಿ, ಬೀದಿಯಲ್ಲಿ ತುಳು. ಕನ್ನಡ ನನಗೆ ಹೊಟ್ಟೆಪಾಡು. ಆದರೂ ಸಿಟ್ಟನ್ನು ಬರೆದಿಡುವುದಕ್ಕೆ ಅದೇ ಅನುಕೂಲವೆಂದು ಕಾಣುತ್ತದೆ. ನನಗೂ ಮದುವೆಯಾಗಲಿಲ್ಲ, ವಾಲ್ಟರನಿಗೂ ಆಗಲಿಲ್ಲ. ಅವನು ಕೋರ್ಟಿಗೂ ರಾಜಕೀಯಕ್ಕೂ ಹೋಗುತ್ತಿದ್ದ, ನಾನು ಶಾಲೆಗೆ ಹೋಗುತ್ತಿದ್ದೆ, ಸಂಜೆ ಇಬ್ಬರೂ ಜಗಳ ಮಾಡುತ್ತಿದ್ದೆವು.

ಕೂಳೂರು ಸೇತುವೆಯ ಬುಡದಿಂದ ಹೊಳೆಯ ಅಂಚಿಗೇ ಒಳಗೆ ನಡೆದರೆ ನಮ್ಮ ಊರು. ಹೊಳೆಬದಿ ಎಂದೇ ಅದರ ಹೆಸರು. ಹೆಂಚಿನ ಕಾರ್ಖಾನೆಗೆ ಮಣ್ಣು ಸಾಗಿಸುವ ದೋಣಿಯವರು, ಬೀಡಿ ಕಟ್ಟುವ ಹೆಂಗಸರು, ಒಂದಷ್ಟು ಬ್ಯಾರಿ ಮುಸ್ಲಿಮರ ಮನೆ, ನಮ್ಮಂಥ ನಾಲ್ಕಾರು ಕ್ರಿಸ್ತುವರ ಮನೆ. ಪೇಟೆಗೆ ಹೋಗಬೇಕಾದರೆ ಕೆಸರು ತುಳಿದು ಹೆದ್ದಾರಿಗೆ ಬರಬೇಕು, ಅಲ್ಲಿ ಕಂಪೆನಿಯ ನೀಲಿ ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು. ಅದು ಉತ್ತರದ ಊರುಗಳಿಂದಲೇ ತುಂಬಿಕೊಂಡು ಬರುತ್ತಿತ್ತು. ಮನಸ್ಸಿದ್ದರೆ ನಿಲ್ಲಿಸುತ್ತಿದ್ದರು, ಇಲ್ಲದಿದ್ದರೆ ನಮ್ಮ ಮುಖಕ್ಕೆ ಹೊಗೆ ಬಿಟ್ಟು ಕೊಟ್ಟಾರದ ಕಡೆಗೆ ಹೋಗಿಬಿಡುತ್ತಿದ್ದರು. ಅದಕ್ಕೇ ಚುನಾವಣೆಯಲ್ಲಿ ವಾಲ್ಟರ್ ಮೊದಲು ಹೇಳಿದ್ದು ಹೊಳೆಬದಿಗೆ ಬಸ್ಸು ತರುತ್ತೇನೆಂದು. ಆಮೇಲೆ ಕೇರಿಗಳಿಗೆ ಬಾವಿ, ಶಾಲೆ. ಎಲ್ಲಕ್ಕಿಂತ ಹೆಚ್ಚಾಗಿ ಲಂಚ, ಶಿಫಾರಸು ಇಲ್ಲದ ಆಡಳಿತ. "ನನ್ನ ಸಂಬಂಧಿಕರಿಗೆ ನನ್ನಿಂದ ಯಾವ ಉಪಕಾರವೂ ಆಗುವುದಿಲ್ಲ, ಈಗಲೇ ಹೇಳಿಬಿಡ್ತೇನೆ," ಎಂದು ಅವನು ಮೈಕಿನಲ್ಲಿ ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ಅವರಿಗೇನು, ಅವರು ಸಂಬಂಧಿಕರಲ್ಲವಲ್ಲ.

ಚಿಕ್ಕಪ್ಪನ ಮಗ ವಿಲ್ಲಿ ಸರಕಾರಿ ಕೆಲಸಕ್ಕೆ ಒಂದು ಮಾತು ಹೇಳು ಎಂದು ಬಂದು ಬರಿಗೈಯಲ್ಲಿ ಹೋದ. ಆಮೇಲೆ ಅವನು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಅದನ್ನೆಲ್ಲ ನಾನು ಹೇಗೋ ನುಂಗಿಕೊಂಡೆ. ಕಮರುದ್ದೀನನ ವಿಷಯವನ್ನು ಮಾತ್ರ ನುಂಗಲಾಗಲಿಲ್ಲ.

ಕಮರುದ್ದೀನ್ ಯಾರೆಂದು ಹೇಳಬೇಕಾದರೆ ನಮ್ಮ ಅಮ್ಮನ ಸಾವಿನಿಂದ ಸುರು ಮಾಡಬೇಕು. ಹದಿನೆಂಟನೇ ಇಸವಿಯಲ್ಲಿ ಊರಿಗೆಲ್ಲ ಇನ್‌ಫ್ಲುಯೆಂಜಾ ಜ್ವರ ಬಂತಲ್ಲ, ಆಗ ವಾಲ್ಟರ್ ಹುಟ್ಟಿ ಇನ್ನೂ ಜ್ಞಾನಸ್ನಾನವೂ ಆಗಿರಲಿಲ್ಲ. ಅಮ್ಮ ಮಲಗಿದವಳು ಏಳಲಿಲ್ಲ. ನನಗೆ ಏಳು ವರ್ಷ. ಅಪ್ಪ ಒಂದು ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದರು, ಮಗು ಹಸಿದು ಹಸಿದು ಅಳುವುದನ್ನೂ ಬಿಟ್ಟಿತ್ತು. ಬೇಲಿಯಾಚೆಯ ಮನೆಯ ಪಾತುಮ್ಮನಿಗೆ ಆಗಷ್ಟೇ ಚೊಚ್ಚಲು ಬಾಣಂತನ. ಅವರು ಬೇಲಿಯ ಹತ್ತಿರ ಬಂದು, "ಅದನ್ನು ಇಲ್ಲಿ ಕೊಡು ಮಗ್ದು," ಎಂದರು. ನಾನೇ ಎತ್ತಿಕೊಟ್ಟೆ. ಒಂದು ಮಗ್ಗುಲಿಗೆ ತಮ್ಮ ಮಗ ಕಮರುದ್ದೀನ್, ಇನ್ನೊಂದು ಮಗ್ಗುಲಿಗೆ ನಮ್ಮ ವಾಲ್ಟರ್. ಹಲ್ಲು ಬರುವ ತನಕ ಅವನು ಬದುಕಿದ್ದೇ ಆ ಹಾಲಿನಲ್ಲಿ.

ಬ್ಯಾರಿಗಳಲ್ಲಿ ಹಾಲಿನ ಸಂಬಂಧವೆಂದರೆ ಬಾಯುಪಚಾರದ ಮಾತಲ್ಲ. ಹಾಲು ಕುಡಿಸಿದವಳು ತಾಯಿಯೇ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಹಾಗೆಯೇ ಲೆಕ್ಕ, ಅವರೊಳಗೆ ಮದುವೆ ಕೂಡ ಕೂಡದು. ಪಾತುಮ್ಮ ವಾಲ್ಟರನನ್ನು 'ಮೋನೇ' ಎಂದು ಕರೆದರು, ಮಗನೇ ಎಂದು. ಅವನು ಅವರನ್ನು 'ಉಮ್ಮ' ಎಂದ. ವಕೀಲನಾದ, ಎಂ.ಎಲ್.ಎ. ಆದ, ಆದರೂ ಅವರ ಮನೆಗೆ ಹಿತ್ತಿಲ ಬಾಗಿಲಿನಿಂದಲೇ ನುಗ್ಗಿ ಅಡುಗೆಕೋಣೆಯಲ್ಲಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದ. ನಾನು ಮಾಡಿದ ಮೀನುಸಾರಿಗೆ ಉಪ್ಪು ಕಡಿಮೆ, ಹುಳಿ ಜಾಸ್ತಿ ಎನ್ನುವವನು ಅಲ್ಲಿ ತಣಿದ ಗಂಜಿಯನ್ನೂ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದ.

ಐವತ್ತೆಂಟರ ಬೇಸಿಗೆಯಲ್ಲಿ ಹೊಳೆಬದಿಗೆ ರಸ್ತೆಯಾಯಿತು. ವಾಲ್ಟರ್ ಸಮುದಾಯ ಅಭಿವೃದ್ಧಿ ಯೋಜನೆಯವರ ಬೆನ್ನು ಬಿಡದೆ ಹಿಡಿದು ಕೆಂಪು ಮುರಕಲ್ಲು ತರಿಸಿದ. ಉಳಿದ ಕೆಲಸವನ್ನೆಲ್ಲ ಊರಿನವರು ಶ್ರಮದಾನದಲ್ಲಿ ಮಾಡಿದರು. ಕಾರ್ಖಾನೆಯ ಒಡಕು ಹೆಂಚುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಹಾಸಿ ಕುಟ್ಟಿದವರಲ್ಲಿ ನಮ್ಮ ಶಾಸಕರೂ ಒಬ್ಬರು. ಅಂಗೈಯೆಲ್ಲ ಬೊಕ್ಕೆ ಎದ್ದಿತ್ತು. ಅದನ್ನು ನೋಡಿ ನನಗೂ ಹೆಮ್ಮೆಯಾಯಿತು, ಇಲ್ಲ ಎನ್ನುವುದಿಲ್ಲ. ರಸ್ತೆಯಾದ ಮೇಲೆ ಸಾರಿಗೆ ಸಮಿತಿಯವರು ಹೊಳೆಬದಿಯಿಂದ ಕೊಟ್ಟಾರದ ಮೇಲೆ ಕಂಕನಾಡಿಗೆ ಹೊಸ ರೂಟು ಎಂದು ಪ್ರಕಟಿಸಿ ಅರ್ಜಿ ಕರೆದರು.

ಅರ್ಜಿ ಹಾಕಿದ್ದು ಎರಡೇ ಜನ. ಒಂದು ನೀಲಿ ಬಸ್ಸಿನ ಕಂಪೆನಿ. ಅವರಿಗೆ ಹೊಳೆಬದಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. ರೂಟು ಬೇರೆಯವರ ಕೈಗೆ ಹೋಗದಂತೆ ಪರ್ಮಿಟ್ ತೆಗೆದು ಪೆಟ್ಟಿಗೆಯಲ್ಲಿಡುವುದು, ಬಸ್ಸನ್ನು ಹೆದ್ದಾರಿಯಲ್ಲೇ ಓಡಿಸುವುದು, ಬೇರೆ ಕಡೆಗಳಲ್ಲೂ ಅವರು ಅದನ್ನೇ ಮಾಡಿದ್ದರು. ಇನ್ನೊಬ್ಬ ಕಮರುದ್ದೀನ್. ಮಣ್ಣಿನ ದೋಣಿಗಳನ್ನು ಮಾರಿ, ಹೆಂಡತಿ ಹಬೀಬಾಳ ಮೈಮೇಲಿನ ಚಿನ್ನವನ್ನೂ ಬಿಡದೆ ಮಾರಿ ಒಂದು ಹಳೆಯ ಬಸ್ಸು ತಂದಿದ್ದ. ಅದಕ್ಕೆ ಹಸಿರು ಬಣ್ಣ ಬಳಿಸಿ ಅಂಗಳದಲ್ಲಿ ನಿಲ್ಲಿಸಿದ. ಊರಿನವರೆಲ್ಲ ಹೋಗಿ ಅದರಲ್ಲಿ ಕೂತು ಎದ್ದು ಬಂದರು. ಈ ಬಸ್ಸು ನಮ್ಮದು ಎಂದೇ ಎಲ್ಲರ ಮನಸ್ಸಿನಲ್ಲಿತ್ತು.

ಸಾರಿಗೆ ಸಮಿತಿಯ ವಿಚಾರಣೆ ಕಲೆಕ್ಟರ ಕಚೇರಿಯಲ್ಲಿ, ಬಹಿರಂಗವಾಗಿ. ವಾಲ್ಟರ್ ಬಿಳಿ ಕೋಟು ಹಾಕಿಕೊಂಡು ಹೋದ. ಊರಿನ ಪರವಾಗಿ ಮಾತಾಡಿ ಬರುತ್ತಾನೆ ಎಂದು ನಾನು ತಿಳಿದಿದ್ದೆ. ಅಲ್ಲಿ ಅವನು ಎದ್ದು ನಿಂತು ಹೇಳಿದ್ದೇನು ಗೊತ್ತೇ? ಅರ್ಜಿದಾರ ಕಮರುದ್ದೀನ್ ತನ್ನ ಅಣ್ಣ, ಅವನ ತಾಯಿಯ ಹಾಲು ಕುಡಿದು ತಾನು ಬದುಕಿದ್ದು, ಆದ್ದರಿಂದ ತಾನು ಶಾಸಕನಾಗಿರುವ ತನಕ ಅವನ ಅರ್ಜಿಯನ್ನು ಪರಿಗಣಿಸುವುದು ಸರಿಯಲ್ಲ ಎಂದು. ಯಾರೂ ಕೇಳಿರಲಿಲ್ಲ. ಕೇಳುವವರಿಗೆ ಗೊತ್ತೂ ಇರಲಿಲ್ಲ. ಕಂಪೆನಿಯ ವಕೀಲ ಸಂತೋಷದಿಂದ ಕುರ್ಚಿಯಲ್ಲಿ ಅರ್ಧ ಎದ್ದೇಬಿಟ್ಟನಂತೆ. ಇದನ್ನೆಲ್ಲ ನನಗೆ ಬಂದು ಹೇಳಿದವನು ಕಮರುದ್ದೀನ್.

ಸಂಜೆ ವಾಲ್ಟರ್ ಮನೆಗೆ ಕಾಲಿಟ್ಟ ಕೂಡಲೇ ನಾನು ಬಾಯಿಗೆ ಬಂದ ಹಾಗೆ ಬೈದೆ.

"ನಿನಗೆ ತಲೆ ಸರಿ ಉಂಟಾ? ಬಸ್ಸು ಬೇಕಾದ್ದು ಊರಿಗೆ. ನಿನ್ನ ಹಾಲಿನ ಕಥೆ ಅಲ್ಲಿ ಯಾರಿಗೆ ಬೇಕಿತ್ತು?"

"ನಾಳೆ ಬೇರೆಯವರು ಹೊರಗೆಳೆದರೆ? ನಾನೇ ಹೇಳುವುದು ಶುದ್ಧ," ಎಂದ.

"ಆ ಶುದ್ಧವನ್ನು ನೀನೇ ಕಟ್ಟಿಕೋ."

"ವಿಲ್ಲಿ ಚಿಕ್ಕಪ್ಪನ ಮಗ, ಮಗ್ದು. ಅವನಿಗೆ ಇಲ್ಲ ಅಂದೆ. ಕಮರು ಅಣ್ಣ. ಚಿಕ್ಕಪ್ಪನ ಮಗನಿಗೆ ಇಲ್ಲದ್ದು ಅಣ್ಣನಿಗೆ ಹೇಗೆ? ಅಥವಾ ಉಮ್ಮ ನನ್ನ ತಾಯಿ ಅಲ್ಲ ಅಂತ ಹೇಳಲಾ? ನೀನೇ ಹೇಳು."

ಆ ಮಾತು ನನ್ನನ್ನು ಇನ್ನಷ್ಟು ರೇಗಿಸಿತು. ಜಾತಿ ಬೇರೆ, ಧರ್ಮ ಬೇರೆ, ಕಾಗದದಲ್ಲಿ ಎಲ್ಲಿಯೂ ಇಲ್ಲದ ಒಂದು ಸಂಬಂಧವನ್ನು ಅವನು ರಕ್ತಸಂಬಂಧಕ್ಕಿಂತ ಹೆಚ್ಚಾಗಿ ನಂಬಿದ್ದ. ನಂಬಿದ್ದರಿಂದಲೇ ಆ ಮನೆಯ ಅನ್ನಕ್ಕೆ ಕಲ್ಲು ಹಾಕಿ ಬಂದಿದ್ದ. ಇಂಥ ತಪ್ಪನ್ನು ಕಳ್ಳನೊಬ್ಬ ಮಾಡುವುದು ಸಾಧ್ಯವೇ ಇಲ್ಲ.

ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯ. ಕಾನೂನಿನಲ್ಲಿ ಇಂಥದ್ದೊಂದು ಸಂಬಂಧವಿಲ್ಲ, ಆದರೆ ಶಾಸಕರೇ ಹೇಳಿದ ಮಾತು ದಾಖಲೆಗೆ ಹೋಗಿಬಿಟ್ಟಿದೆ, ಈಗ ಪರ್ಮಿಟ್ ಕೊಟ್ಟರೆ ಕಂಪೆನಿಯವರು ಬೆಂಗಳೂರಿನ ಕೋರ್ಟಿನ ತನಕ ಎಳೆಯುತ್ತಾರೆ ಎಂದು ಅವರು ಕಮರುದ್ದೀನನಿಗೆ ಹೇಳಿದರಂತೆ. ಮಳೆಗಾಲ ಕಳೆದ ಮೇಲೆ ಇನ್ನೊಂದು ವಿಚಾರಣೆ. ಆಗ ಅವನ ತಾಯಿಯೇ ಬಂದು ಹೌದೋ ಅಲ್ಲವೋ ಎಂದು ಪ್ರಮಾಣ ಮಾಡಿ ಹೇಳಲಿ. ಹೌದು ಎಂದರೆ ರೂಟು ಕಂಪೆನಿಗೆ. ಅಲ್ಲ ಎಂದರೆ ಕಮರುದ್ದೀನನಿಗೆ.

ಕಮರುದ್ದೀನ್ ಮರುದಿನ ನಮ್ಮ ಜಗಲಿಗೆ ಬಂದು ಕೂತ.

"ನೀನೇ ಹೋಗಿ ಒಂದು ಮಾತು ಹೇಳು ವಾಲ್ಟರ್. ಪ್ರೀತಿಗೆ ಹಾಗೆ ಹೇಳಿದ್ದು, ನಿಜವಾದ ಸಂಬಂಧ ಎಂತದೂ ಇಲ್ಲ ಅಂತ. ಉಮ್ಮನನ್ನು ಆ ಕಚೇರಿ ಮೆಟ್ಟಿಲು ಹತ್ತಿಸುವುದು ಬೇಡ."

"ಅದು ಸುಳ್ಳಲ್ವಾ ಕಮರು?"

"ಸುಳ್ಳೇ. ಒಂದು ಸುಳ್ಳಿಗೆ ಆಕಾಶ ಬೀಳ್ತದಾ? ಬಸ್ಸು ಅಂಗಳದಲ್ಲಿ ತುಕ್ಕು ಹಿಡೀತಾ ಉಂಟು ಮಾರಾಯ."

"ನನ್ನಿಂದ ಆಗುವುದಿಲ್ಲ," ಎಂದ ವಾಲ್ಟರ್. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಆ ನೀರನ್ನು ತೆಗೆದುಕೊಂಡು ಕಮರುದ್ದೀನ್ ಏನು ಮಾಡಬೇಕು?

ಜೂನ್ ತಿಂಗಳಲ್ಲಿ ದೋಣಿಯವನೊಬ್ಬ ಹೆಂಚಿನ ರಾಶಿ ಬಿದ್ದು ಕಾಲು ಮುರಿದುಕೊಂಡ. ಕಮರುದ್ದೀನ್ ಪರ್ಮಿಟ್ ಇಲ್ಲದಿದ್ದರೂ ಬಸ್ಸಿನಲ್ಲಿ ಅವನನ್ನು ಕಂಕನಾಡಿಯ ಆಸ್ಪತ್ರೆಗೆ ಸಾಗಿಸಿದ. ಕಂಪೆನಿಯವರಿಗೆ ಅದು ಹೇಗೋ ತಿಳಿಯಿತು. ಇನ್‌ಸ್ಪೆಕ್ಟರ್ ಬಂದು ಬಸ್ಸಿನ ಕೀಲಿಯನ್ನೂ ಕಾಗದಪತ್ರಗಳನ್ನೂ ತೆಗೆದುಕೊಂಡು ಹೋದ. ಅವನದೇನೂ ತಪ್ಪಿಲ್ಲ, ಕಾನೂನೇ ಹಾಗೆ. ಶಾಸಕರು ಒಂದು ಮಾತು ಹೇಳಿದರೆ ಕೀಲಿಯಾದರೂ ವಾಪಸು ಬರುತ್ತದೆ ಎಂದು ಊರಿನವರು ಜಗಲಿಗೆ ಬಂದರು. ವಾಲ್ಟರ್ ಅವರಿಗೆಲ್ಲ ಕಾಫಿ ಕೊಡಿಸಿದ, ಎಷ್ಟು ಹೊತ್ತಾದರೂ ಅವರ ಮಾತು ಕೇಳಿದ, ಆ ಒಂದು ಮಾತು ಹೇಳುವುದಿಲ್ಲ ಎಂದು ಕೈಮುಗಿದು ಕಳಿಸಿದ.

ಮಳೆ ಬಿಡದೆ ಹಿಡಿಯುವ ಆಟಿ ತಿಂಗಳಲ್ಲಿ ನೀರು ಕೆಟ್ಟಿತು. ಹೊಳೆ ಉಕ್ಕಿ ಬಾವಿಗಳಿಗೆಲ್ಲ ನುಗ್ಗಿತ್ತು. ನಮ್ಮ ಹಿಂದಿನ ಮನೆಯಲ್ಲಿ ಬೀಡಿ ಕಟ್ಟುವ ವಾರಿಜಾಕ್ಷಿಯ ಮಗಳಿಗೆ ವಾಂತಿಭೇದಿ ಹಿಡಿಯಿತು. ನಾಲ್ಕು ವರ್ಷದ ಹುಡುಗಿ, ನನ್ನನ್ನು ಕಂಡರೆ 'ಟೀಚರೇ' ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ವಾಲ್ಟರ್ ಆಗ ಅಸೆಂಬ್ಲಿಗೆಂದು ಬೆಂಗಳೂರಿನಲ್ಲಿದ್ದ. ವಾರಿಜಾಕ್ಷಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹೆದ್ದಾರಿಗೆ ಓಡಿದಳು. ನಾನು ಕೊಡೆ ಹಿಡಿದುಕೊಂಡು ಹಿಂದೆ. ನೀಲಿ ಬಸ್ಸು ಬಂತು, ತುಂಬಿತ್ತು, ನಿಲ್ಲಿಸಲಿಲ್ಲ. ಇನ್ನೊಂದು ಬಂತು. ನಾನು ರಸ್ತೆಯ ನಡುವಿಗೇ ಹೋಗಿ ಕೈ ಬೀಸಿದೆ. ಡ್ರೈವರ್ ನನ್ನ ಬದಿಯಿಂದ ತಿರುಗಿಸಿಕೊಂಡು ಹೋದ, ಅವನ ಕೈ ಸೇದಿಹೋಗಲಿ. ನಡೆದೇ ಹೊರಟೆವು. ಕೊಟ್ಟಾರ ಹತ್ತಿರವಾಗುವಾಗ ವಾರಿಜಾಕ್ಷಿ ನಿಂತಳು. "ಟೀಚರೇ, ಇದರ ಕಾಲು ಮುಟ್ಟಿ ನೋಡಿ," ಎಂದಳು. ಮುಟ್ಟಿದೆ. ತಣ್ಣಗಾಗಿತ್ತು. ಅಯ್ಯೋ ದೆವಾ.

ವಾಪಸು ಬರುವಾಗ ಮಳೆ ಹಿಡಿದು ಬಾರಿಸಿತು. ಅವಳು ನನ್ನ ಕೊಡೆಯೊಳಗೆ ಬರಲಿಲ್ಲ. ಮನೆಗೂ ಹೋಗಲಿಲ್ಲ. ಕಮರುದ್ದೀನನ ಅಂಗಳಕ್ಕೆ ಹೋಗಿ, ನಿಂತಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಮಗುವನ್ನು ಮಡಿಲಲ್ಲಿಟ್ಟುಕೊಂಡು. ಬೈಯಲಿಲ್ಲ, ಅಳಲಿಲ್ಲ, ಕೂತಳು ಅಷ್ಟೇ. ಕಮರುದ್ದೀನ್ ಬಾಗಿಲಿಗೆ ಬಂದು ನೋಡಿದವನು ಕಂಬಕ್ಕೆ ತಲೆ ಚಚ್ಚಿಕೊಂಡ. ಪಾತುಮ್ಮ ಮಳೆಯಲ್ಲೇ ಇಳಿದು ಬಂದು ತಮ್ಮ ಹೊದಿಕೆಯನ್ನು ತೆಗೆದು ಮಗುವಿಗೆ ಹೊದಿಸಿದರು. ವಾರಿಜಾಕ್ಷಿಯ ಗಂಡ ಕಾರ್ಖಾನೆಯಿಂದ ಬರುವ ತನಕ ಅವಳ ಪಕ್ಕದಲ್ಲೇ ಕೂತಿದ್ದರು. ಎದ್ದು ಹೋಗುವಾಗ ನನ್ನ ಕೈ ಹಿಡಿದು, "ಆ ಕಚೇರಿಗೆ ಕರೆದಾಗ ನಾನು ಬರ್ತೇನೆ ಮಗ್ದು. ನೀನು ಜೊತೆಗೆ ಬಾ," ಎಂದರು.

ವಾಲ್ಟರ್ ಬೆಂಗಳೂರಿನಿಂದ ಬಂದ. ವಾರಿಜಾಕ್ಷಿಯ ಮನೆಗೆ ಹೋಗಿ ನೆಲದ ಮೇಲೆ ಕೂತು ಬಂದ. ಆಮೇಲೆ ಸರಿಯಾಗಿ ಊಟ ಮಾಡಲಿಲ್ಲ, ನಿದ್ದೆ ಮಾಡಲಿಲ್ಲ. ಇನ್ನಾದರೂ ಬದಲಾಗುತ್ತಾನೆ ಎಂದು ನಾನು ಕಾದೆ. ಎಲ್ಲಿ! ಕೆಟ್ಟ ಬಾವಿಗಳಿಗೆ ಮದ್ದು ಹಾಕಿಸಿದ, ನೀಲಿ ಬಸ್ಸಿನವರು ಕೂಳೂರಿನಲ್ಲಿ ನಿಲ್ಲಿಸಲೇಬೇಕು ಎಂದು ಸಿಕ್ಕಿದವರಿಗೆಲ್ಲ ಬರೆದ, ತನ್ನ ಹೇಳಿಕೆಯನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಅವನ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ ಎಂದು ನಾನು ಒಂದು ದಿನ ಅವನ ಎದುರೇ ಹೇಳಿದೆ.

ಎರಡನೆಯ ವಿಚಾರಣೆಯ ದಿನ ನಾನು ಶಾಲೆಗೆ ರಜೆ ಹಾಕಿದೆ. ಪಾತುಮ್ಮ, ಕಮರುದ್ದೀನ್, ನಾನು, ಮೂವರೂ ಅದೇ ನೀಲಿ ಬಸ್ಸಿಗೆ ಕೈ ಹಿಡಿದು, ನಿಂತುಕೊಂಡೇ ಪೇಟೆಗೆ ಹೋದೆವು. ಪಾತುಮ್ಮ ಅಂಥ ಕಡೆಗೆ ಕಾಲಿಟ್ಟವರಲ್ಲ. ಹೊರಗಿನ ಗಂಡಸರ ಎದುರು ಅವರು ಮುಖ ತೋರಿಸುತ್ತಿರಲಿಲ್ಲ, ಮೀನು ತರುವ ಲ್ಯಾನ್ಸಿಯ ಹತ್ತಿರವೂ ಬಾಗಿಲ ಮರೆಯಿಂದಲೇ ಚೌಕಾಶಿ. ಕಚೇರಿಯಲ್ಲಿ ಮೈತುಂಬ ಹೊದ್ದು, ಮುಖಕ್ಕೆ ಕೊಡೆ ಅಡ್ಡ ಹಿಡಿದು ನಿಂತರು. ನಾನು ಅವರ ಮೊಣಕೈ ಹಿಡಿದುಕೊಂಡೆ. ವಾಲ್ಟರ್ ಎದುರಿನ ಸಾಲಿನಲ್ಲಿ ಕೂತಿದ್ದ.

ದೇವರ ಮೇಲೆ ಪ್ರಮಾಣ ಮಾಡಿಸಿದರು. ಕಂಪೆನಿಯ ವಕೀಲ ಎದ್ದ.

"ನೋಡಿ ಅಮ್ಮ, ಶಾಸಕರು ನಿಮ್ಮ ಹಾಲು ಕುಡಿದು ಬೆಳೆದವರು ಅಂತ ಅವರೇ ಹೇಳಿದ್ದಾರೆ. ಹೌದಲ್ವಾ?"

ಪಾತುಮ್ಮ ಕೊಡೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಅಲ್ಲ," ಎಂದರು.

"ಒಂದು ಸಲವೂ ಕೊಟ್ಟಿಲ್ವಾ?"

"ಇಲ್ಲ. ನನಗೆ ಒಬ್ಬನೇ ಮಗ. ಪೊರ್ಬುಗಳ ಮಗುವಿಗೆ ನಾವು ಆಡಿನ ಹಾಲು ಕೊಟ್ಟದ್ದು. ನೆರೆಮನೆ ಅಲ್ವಾ, ಅಷ್ಟು ಮಾಡುವುದುಂಟು."

ಪೊರ್ಬುಗಳು ಎಂದರೆ ನಮ್ಮವರನ್ನು ಊರಿನವರು ಕರೆಯುವ ಮಾತು. ನಲವತ್ತು ವರ್ಷಗಳಲ್ಲಿ ಅವರ ಬಾಯಿಯಿಂದ ಆ ಮಾತನ್ನು ನಾನು ಕೇಳಿರಲಿಲ್ಲ. ವಾಲ್ಟರ್ ಕೂತಲ್ಲಿಂದ ಎದ್ದ. "ಉಮ್ಮ..." ಎಂದ.

ಅಧ್ಯಕ್ಷರು ಅವನ ಕಡೆ ತಿರುಗಿದರು. "ನೀವೇನು ಹೇಳ್ತೀರಿ? ಹಿಂದಿನ ಸಲ ಬೇರೆ ಹೇಳಿದ್ದಿರಿ."

ಹೌದು, ನನ್ನ ಮಾತೇ ನಿಜ ಎಂದು ಅವನು ಹೇಳಿದರೆ ಈ ಹೆಂಗಸು ದೇವರ ಆಣೆಯಿಟ್ಟು ಸುಳ್ಳು ಹೇಳಿದಳು ಎಂದಾಗುತ್ತದೆ. ಈ ಮಹಾನುಭಾವ ಅದನ್ನೂ ಹೇಳಿಬಿಟ್ಟಾನು ಎಂದು ನನಗೆ ಹೆದರಿಕೆ. ಎದ್ದು ಹೋಗಿ ಅವನ ಬಾಯಿ ಮುಚ್ಚಬೇಕೆನಿಸಿತು. ವಾಲ್ಟರ್ ಕೊಡೆಯನ್ನೇ ನೋಡುತ್ತಿದ್ದ. ಅದರ ಹಿಂದಿನ ಮುಖ ಅವನಿಗೆ ಕಾಣಿಸುತ್ತಿರಲಿಲ್ಲ.

"ನಾನಾಗ ಹಸುಳೆ. ನನಗೆ ನೆನಪಿಲ್ಲ," ಎಂದ.

ಅದು ಸುಳ್ಳಲ್ಲ. ಯಾವ ಮಗುವಿಗೆ ತಾನೇ ನೆನಪಿರುತ್ತದೆ? ಬೇಲಿಯ ಮೇಲಿಂದ ಎತ್ತಿಕೊಟ್ಟವಳು ನಾನು, ಮೊಣಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಡಿನ ಬಣ್ಣವನ್ನೂ ಹೇಳುತ್ತಿದ್ದೆ.

ಪರ್ಮಿಟ್ ಆಯಿತು. ನವೆಂಬರಿನಲ್ಲಿ ಹಸಿರು ಬಸ್ಸು ಹೊಳೆಬದಿಯಿಂದ ಹೊರಟಿತು. ಬಾಳೆಕಂಬ ಕಟ್ಟಿದರು, ಒಡಕು ಹೆಂಚಿನ ರಸ್ತೆಗೆ ನೀರು ಚಿಮುಕಿಸಿದರು, ಯಾರೋ ಪಟಾಕಿಯನ್ನೂ ತಂದಿದ್ದರು. ವಾರಿಜಾಕ್ಷಿ ಬರಲಿಲ್ಲ. ವಾಲ್ಟರನನ್ನು ರಿಬ್ಬನ್ ಕತ್ತರಿಸಲು ಕರೆದರು. ಅವನು ಬೇಡವೆಂದು ಜನರ ಹಿಂದೆ ನಿಂತ. ಬಸ್ಸು ಕೂಳೂರಿನ ಕಡೆಗೆ ತಿರುಗುವ ತನಕ ನೋಡುತ್ತಿದ್ದ. ವಿಚಾರಣೆಯ ಮಾರನೆಯ ದಿನವೇ ಅವನು ಅಸೆಂಬ್ಲಿಗೆ ಹೋಗಿದ್ದ, ಬಸ್ಸು ಹೊರಡುವ ದಿನಕ್ಕೆಂದೇ ಬಂದದ್ದು. ಅಷ್ಟು ದಿನ ಪಾತುಮ್ಮನನ್ನು ಕಂಡಿರಲಿಲ್ಲ.

ಸಂಜೆ, "ಉಮ್ಮನನ್ನು ನೋಡಿ ಬರೋಣ, ನೀನೂ ಬಾ," ಎಂದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಬೈಸಿಕೊಳ್ಳಲು ತಯಾರಾಗಿಯೇ ಹೊರಟಿದ್ದ. ಹಿತ್ತಿಲಿನಿಂದ ಹೋದೆವು. ಪಾತುಮ್ಮ ಒಲೆಯ ಮುಂದೆ ಕೂತು ಊದುತ್ತಿದ್ದರು, ಸೊಸೆ ಹಬೀಬಾ ಅಕ್ಕಿ ಆರಿಸುತ್ತಿದ್ದಳು. ವಾಲ್ಟರ್ ಬಗ್ಗಿ ಹೊಸಿಲು ದಾಟುವಷ್ಟರಲ್ಲಿ ಪಾತುಮ್ಮ ತಲೆಯೆತ್ತಿ ನೋಡಿದರು. ತಲೆಯ ಬಟ್ಟೆಯನ್ನು ಮುಖದ ಮೇಲಕ್ಕೆ ಎಳೆದುಕೊಂಡರು. ಗೋಡೆಗೆ ಕೈ ಊರಿ ಎದ್ದು, ಬೆನ್ನು ತಿರುಗಿಸಿ, ಒಳಕೋಣೆಗೆ ಹೋಗಿ ಬಾಗಿಲು ಓರೆ ಮಾಡಿದರು.

"ಉಮ್ಮ, ನಾನು," ಎಂದ ವಾಲ್ಟರ್. ಬೆಳಕು ಸಾಲದೆ ಗುರುತು ಸಿಗಲಿಲ್ಲವೆಂದು ತಿಳಿದನೋ ಏನೋ.

ಒಳಗಿನಿಂದ ಅವರ ಸ್ವರ ಬಂತು. "ಹಬೀಬಾ, ಮನೆಯಲ್ಲಿ ಗಂಡಸರು ಯಾರೂ ಇಲ್ಲ ಅಂತ ಹೇಳು. ಕಮರು ಬಸ್ಸು ಬಿಟ್ಟು ಬಂದ ಮೇಲೆ ಬರ್ಲಿಕ್ಕೆ ಹೇಳು."

ನನಗೆ ಮೈ ಉರಿಯಿತು. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. "ಎಂತ ಪಾತುಮ್ಮ ಇದು? ಅವನಿಗೆ ಬೈಯಿರಿ, ಎರಡು ಬಾರಿಸಿ, ನಾನು ಬೇಡ ಹೇಳುವುದಿಲ್ಲ. ಈ ಆಟ ಎಂತದ್ದು?"

ಅವರು ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದರು. ಬಟ್ಟೆ ಕಣ್ಣಿನ ಹತ್ತಿರ ಒದ್ದೆಯಾಗಿತ್ತು.

"ಸಿಟ್ಟಲ್ಲ ಮಗ್ದು. ಅವನ ಮೇಲೆ ನನಗೆ ಎಂತ ಸಿಟ್ಟು? ದೇವರ ಮೇಲೆ ಆಣೆ ಹಾಕಿ ಹೇಳಿ ಬಂದಿದ್ದೇನೆ, ನಾನು ಹಾಲು ಕೊಟ್ಟಿಲ್ಲ ಅಂತ. ಹಾಲು ಕೊಡದಿದ್ದರೆ ಅವನು ನನಗೆ ಪರ ಗಂಡಸು. ಇನ್ನು ಅವನ ಎದುರು ತಲೆ ಮುಚ್ಚದೆ ಕೂತರೆ ದೇವರು ಕೇಳ್ತಾನೆ, ಪಾತುಮ್ಮ, ಆವತ್ತು ಹೇಳಿದ್ದು ಸುಳ್ಳಾ, ಇವತ್ತು ಮಾಡುವುದು ಸುಳ್ಳಾ ಅಂತ. ಕಂಪೆನಿಯವರ ಜನ ಕೂಡ ಊರಿಡೀ ಇದ್ದಾರೆ. ನೋಡಿ ಹೋಗಿ ಹೇಳಿದರೆ ಬಸ್ಸು ನಿಲ್ತದೆ. ಆ ಮಗು ಸತ್ತದ್ದನ್ನು ನೀನು ನೋಡಿದ್ದಿ ಅಲ್ವಾ?"

ನಾನು ಅವರ ಪಕ್ಕದಲ್ಲಿ ನೆಲಕ್ಕೆ ಕೂತೆ. ಲಂಚ ಬೇಡ, ಶಿಫಾರಸು ಬೇಡ, ಎಲ್ಲ ಶುದ್ಧವಾಗಿರಬೇಕು ಎಂದು ಹೊರಟವನು ಸುಳ್ಳೇ ಗೊತ್ತಿಲ್ಲದ ಮುದುಕಿಯಿಂದ ಸುಳ್ಳು ಹೇಳಿಸಿದ. ಅವರು ಆ ಸುಳ್ಳನ್ನು ನಿಜ ಮಾಡಲು ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಇಟ್ಟುಬಿಟ್ಟಿದ್ದರು.

ಬಾಗಿಲು ಓರೆಯಾಗಿದ್ದರಿಂದ ವಾಲ್ಟರನಿಗೆ ಎಲ್ಲವೂ ಕೇಳಿಸಿತ್ತು. ನಾನು ಹೊರಗೆ ಬಂದಾಗ ಅವನು ಅಡುಗೆಕೋಣೆಯಿಂದ ಇಳಿದು ಅಂಗಳದಲ್ಲಿ ನಿಂತಿದ್ದ, ಬೇರೆಯವರ ಮನೆಗೆ ಬಂದವರು ನಿಲ್ಲುವ ಹಾಗೆ. ಹಬೀಬಾ ಮೊರ ಹಿಡಿದುಕೊಂಡು ಅತ್ತ ನೋಡಲೋ ಇತ್ತ ನೋಡಲೋ ಎಂದು ತಿಳಿಯದೆ ಅಳುತ್ತಿದ್ದಳು.

ಒಳಗಿನಿಂದ ಮತ್ತೆ ಸ್ವರ ಬಂತು. "ಹಬೀಬಾ, ಅವರಿಗೆ ಊಟ ಆಗಿದೆಯಾ ಅಂತ ಕೇಳು."

ಹಬೀಬಾ ಕೇಳಿದಳು. ನಾಲ್ಕು ಮಾರು ದೂರದಲ್ಲಿ ನಿಂತವನಿಗೆ ಆ ಮಾತು ಎರಡು ಸಲ ಬಂತು.

"ಆಗಿದೆ ಅಂತ ಹೇಳಿ," ಎಂದ ವಾಲ್ಟರ್.

ಬೆಳಗಿನಿಂದ ಅವನು ಒಂದು ತುತ್ತೂ ಬಾಯಿಗೆ ಹಾಕಿರಲಿಲ್ಲ.